ಮಾಸ್ತರರಿಲ್ಲದ ರೈಲು ನಿಲ್ದಾಣ

ರೈಲು ನಿಲ್ದಾಣ ಅಂದ ಕೂಡಲೇ ನಿಮಗೆ ಏನು ನೆನಪಾಗುತ್ತದೆ? ಟಿಕೆಟ್ ಕೊಡುವ ಕಿಟಕಿ, ಸ್ಟೇಷನ್ ಮಾಸ್ತರು, ಹಸಿರು ಬಾವುಟ, ಚಹಾ ಮಾರುವವರು. ಇದ್ಯಾವುದೂ ಇಲ್ಲದ ಒಂದು ನಿಲ್ದಾಣ ಜಪಾನ್ ದೇಶದಲ್ಲಿತ್ತು. ಅದರ ಹೆಸರು ಕ್ಯೂ-ಶಿರತಾಕಿ.

ಜಪಾನಿನ ಉತ್ತರಕ್ಕೆ ಹೊಕ್ಕೈಡೊ ಎಂಬ ದೊಡ್ಡ ದ್ವೀಪ ಇದೆ. ಚಳಿಗಾಲದಲ್ಲಿ ಅಲ್ಲಿ ಎಲ್ಲಿ ನೋಡಿದರೂ ಹಿಮ. ಅಲ್ಲಿನ ಎಂಗರು ಪಟ್ಟಣಕ್ಕೆ ಸೇರಿದ ಹಳ್ಳಿಗಾಡಿನಲ್ಲಿ ಈ ನಿಲ್ದಾಣ ಇತ್ತು. ‘ಕ್ಯೂ’ ಅಂದರೆ ಹಳೆಯ ಎಂದರ್ಥ. ಅದೇ ದಾರಿಯಲ್ಲಿ ಮೇಲಿನ ಶಿರತಾಕಿ, ಕೆಳಗಿನ ಶಿರತಾಕಿ ಅಂತ ಅರ್ಥ ಬರುವ ನಿಲ್ದಾಣಗಳೂ ಇದ್ದವು. ಊರಿಗೆ ಹೆಸರಿಡೋ ರೀತಿ ನಮ್ಮಂತೆಯೇ ಇದೆ, ನೋಡಿ! ಒಂದು ಚಿಕ್ಕ ಮರದ ಕೋಣೆ, ಒಂದು ಪ್ಲಾಟ್‌ಫಾರಂ, ರೈಲಿನ ವೇಳೆಯ ಪಟ್ಟಿ. ನಿಲ್ದಾಣ ಅಂದರೆ ಅಷ್ಟೇ.

ಹಾಗಾದರೆ ಟಿಕೆಟ್ ಯಾರು ಕೊಡುತ್ತಾರೆ? ಯಾರೂ ಕೊಡೋದಿಲ್ಲ. ಇಂಥ ಕಡೆ ಬರುವ ರೈಲಿಗೆ ಅನೇಕ ಸಲ ಒಂದೇ ಡಬ್ಬಿ. ಡ್ರೈವರ್ ಒಬ್ಬರೇ, ಗಾರ್ಡ್ ಇಲ್ಲ. ನೀವು ಹಿಂದಿನ ಬಾಗಿಲಿನಿಂದ ಹತ್ತಬೇಕು. ಬಾಗಿಲ ಹತ್ತಿರ ಒಂದು ಪೆಟ್ಟಿಗೆಯಿಂದ ಸಣ್ಣ ಚೀಟಿ ಬರುತ್ತದೆ. ಅದರ ಮೇಲೆ ಒಂದು ಅಂಕಿ ಇರುತ್ತದೆ. ಅದು ನೀವು ಹತ್ತಿದ ನಿಲ್ದಾಣದ ಗುರುತು. ಡ್ರೈವರ್ ತಲೆಯ ಮೇಲ್ಭಾಗದಲ್ಲಿ ಒಂದು ಫಲಕ ಇದೆ. ಅದರಲ್ಲಿ ಪ್ರತಿ ಅಂಕಿಯ ಕೆಳಗೆ ದರ ಕಾಣುತ್ತದೆ. ರೈಲು ಮುಂದೆ ಹೋದಂತೆ ದರ ಏರುತ್ತದೆ. ಇಳಿಯುವಾಗ ಮುಂದಿನ ಬಾಗಿಲಿಗೆ ಬಂದು, ಚೀಟಿ ಮತ್ತು ಹಣವನ್ನು ಡ್ರೈವರ್ ಪಕ್ಕದ ಡಬ್ಬದಲ್ಲಿ ಹಾಕಬೇಕು. ಅಂಕಿ ಓದಲು ಬಂದರೆ ಸಾಕು, ಯಾರನ್ನೂ ಕೇಳಬೇಕಾಗಿಲ್ಲ.

ಜಪಾನಿನಲ್ಲಿ ಇಂಥ ನಿಲ್ದಾಣಗಳು ಬಹಳ. 2020ರ ಲೆಕ್ಕದಂತೆ ಸುಮಾರು 9,500 ನಿಲ್ದಾಣಗಳಲ್ಲಿ 4,500ಕ್ಕೂ ಹೆಚ್ಚು ಕಡೆ ಸಿಬ್ಬಂದಿ ಇರಲಿಲ್ಲ. ಹಳ್ಳಿಗಳಲ್ಲಿ ಜನ ಕಡಿಮೆಯಾದರು, ರೈಲಿಗೆ ವರಮಾನ ಇಲ್ಲ, ಸಂಬಳ ಕೊಡೋದು ಹೇಗೆ? ಆದರೆ ಗಾಲಿಕುರ್ಚಿಯಲ್ಲಿ ಬರುವವರಿಗೆ ಕೈ ಹಿಡಿಯಲು ಅಲ್ಲಿ ಯಾರೂ ಇರೋದಿಲ್ಲ. ಇದು ಸಣ್ಣ ತೊಂದರೆ ಅಲ್ಲ.

ಕ್ಯೂ-ಶಿರತಾಕಿಯಿಂದ ಹೈಸ್ಕೂಲಿಗೆ ಹೋಗುವ ಒಬ್ಬ ಹುಡುಗಿ ಇದ್ದಳು. ಎಂಗರು ಕಡೆಗೆ ದಿನಕ್ಕೆ ಒಂದೇ ರೈಲು, ಅದೂ ಬೆಳಿಗ್ಗೆ. ಅದು ತಪ್ಪಿದರೆ ಆ ದಿನ ಬೇರೆ ರೈಲಿಲ್ಲ. 2016ರ ಜನವರಿಯಲ್ಲಿ ಈ ಸುದ್ದಿ ಲೋಕವೆಲ್ಲ ಹರಡಿತು. ‘ಒಬ್ಬಳಿಗಾಗಿಯೇ ರೈಲು ಓಡಿಸುತ್ತಾರೆ’ ಅಂತ ಜನ ಹೇಳಿದರು. ಕೆಲವರು ನಿಲ್ದಾಣದ ಹೆಸರನ್ನೂ ತಪ್ಪಾಗಿ ‘ಮೇಲಿನ ಶಿರತಾಕಿ’ ಅಂದರು. ನಿಜವೆಂದರೆ, ಆ ರೈಲು ದಾರಿಯ ಬೇರೆ ಊರಿನವರಿಗೂ ಬೇಕಾಗಿತ್ತು. ಈ ನಿಲ್ದಾಣದಲ್ಲಿ ದಿನವೂ ಹತ್ತುವವಳು ಮಾತ್ರ ಅವಳೊಬ್ಬಳೇ.

ಜಪಾನಿನಲ್ಲಿ ಶಾಲೆಯ ವರ್ಷ ಮುಗಿಯೋದು ಮಾರ್ಚ್‌ನಲ್ಲಿ. ರೈಲಿನ ವೇಳಾಪಟ್ಟಿ ಬದಲಾಗೋದೂ ಹೆಚ್ಚಾಗಿ ಆಗಲೇ. 2016ರ ಮಾರ್ಚ್‌ನಲ್ಲಿ ಅವಳ ಓದು ಮುಗಿಯಿತು. ಅದೇ ತಿಂಗಳ 26ರಂದು ಕ್ಯೂ-ಶಿರತಾಕಿ ಮುಚ್ಚಿತು. ಮೇಲಿನ, ಕೆಳಗಿನ ಶಿರತಾಕಿಗಳೂ ಅದೇ ದಿನ ಮುಚ್ಚಿದವು. ಆ ಹಳಿಯ ಮೇಲೆ ಈಗಲೂ ರೈಲು ಓಡುತ್ತವೆ, ಆದರೆ ಅಲ್ಲಿ ನಿಲ್ಲೋದಿಲ್ಲ.