ಹುಲ್ಲಿನ ಋಣ

ಯುಗಾದಿಯ ಮರುದಿನದ ಹೊಸತೊಡಕಿಗೆ ಹಳೆಯ ಮೈಸೂರು ಸೀಮೆಯಲ್ಲಿ ಇರುವ ಮರ್ಯಾದೆಯನ್ನು ನಾನು ಬಣ್ಣಿಸಬೇಕಾದುದಿಲ್ಲ. ಬೇವುಬೆಲ್ಲದ ರುಚಿ ನಾಲಗೆಯಿಂದ ಆರುವ ಮುನ್ನವೇ ಮಾಂಸದಂಗಡಿಗಳ ಮುಂದೆ ಜನ ಸಾಲುಗಟ್ಟಿರುತ್ತಾರೆ. ಕೆಲವು ವರ್ಷಗಳ ಹಿಂದೆ ಅಂಥದೊಂದು ಬೆಳಗ್ಗೆ ಹುಣಸೂರಿನಲ್ಲಿ ನಾನೂ ಕೈಯಲ್ಲಿ ಪಾತ್ರೆ ಹಿಡಿದು ನಿಂತಿದ್ದೆ. ಹಿಂದೆ ನಿಂತಿದ್ದವನು ನನ್ನ ಹಳೆಯ ವಿದ್ಯಾರ್ಥಿ. ಈಗ ಬೆಂಗಳೂರಿನಲ್ಲಿ ಉದ್ಯೋಗಸ್ಥ. “ಮೇಷ್ಟ್ರೇ, ನಮ್ಮಲ್ಲಿ ಸಾವಯವ ಕುರಿ, ಹುಲ್ಲು ಮೇದ ಕುರಿ ಎಂದು ಚೀಟಿ ಅಂಟಿಸಿ ಹೆಚ್ಚಿನ ಬೆಲೆಗೆ ಮಾರುತ್ತಾರೆ. ಕುರಿ ಹುಲ್ಲು ಮೇಯದೆ ಮತ್ತೇನನ್ನು ಮೇಯುತ್ತದೆ?” ಎಂದು ಅವನು ನಕ್ಕ. ನಾನೂ ನಕ್ಕೆ. ಆದರೆ ಆ ಪ್ರಶ್ನೆ ನನ್ನೊಡನೆ ಮನೆಗೆ ಬಂದಿತು.

ನನ್ನ ಬಾಲ್ಯದಲ್ಲಿ ಅದು ನಿಜವಾಗಿಯೂ ನಗೆಯ ಪ್ರಶ್ನೆಯೇ ಆಗಿತ್ತು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳಲ್ಲಿ ಕುರಿಯೆಂದರೆ ಬೀಳಿನಲ್ಲಿ, ಕೆರೆಯಂಗಳದಲ್ಲಿ, ಕುಯ್ಲು ಮುಗಿದ ಹೊಲದಲ್ಲಿ ಅಲೆದು ಮೇಯುವ ಪ್ರಾಣಿ. ಈಗ ಹಾಗಿಲ್ಲ. ನೆಲದಿಂದ ಎತ್ತರಿಸಿದ ಹಲಗೆಯ ಕೊಟ್ಟಿಗೆಗಳು ಅಲ್ಲಲ್ಲಿ ಎದ್ದಿವೆ. ಎಳೆಯ ಟಗರುಮರಿಗಳನ್ನು ತಂದು, ಕೂಡಿಹಾಕಿ, ಮುಸುಕಿನ ಜೋಳ, ಬೂಸ, ಹಿಂಡಿಗಳನ್ನು ತಿನ್ನಿಸಿ, ಕೆಲವೇ ತಿಂಗಳಲ್ಲಿ ಕೊಬ್ಬಿಸಿ ಮಾರುವ ಕ್ರಮ ಬಂದಿದೆ. ಮೇಯಿಸಲು ನೆಲವಿಲ್ಲದವನು ಮತ್ತೇನು ಮಾಡಿಯಾನು? ಅವನನ್ನು ನಾನು ದೂರುವುದಿಲ್ಲ. ಆದರೆ ಈ ಎರಡು ಕುರಿಗಳ ಮಾಂಸ ಒಂದೇ ಆಗಿದೆಯೇ ಎಂಬುದನ್ನು ವಿಚಾರಿಸಬಹುದು.

ಒಂದೇ ಅಲ್ಲ ಎನ್ನುತ್ತದೆ ವಿಜ್ಞಾನ. ಹಸಿರು ಹುಲ್ಲಿನಲ್ಲಿ ಕೊಬ್ಬು ಬಹಳ ಕಡಮೆ. ಇರುವಷ್ಟರಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಆಲ್ಫಾ ಲಿನೋಲೆನಿಕ್ ಎಂಬ ಆಮ್ಲ. ಒಮೆಗಾ-3 ಎಂದು ವಿಖ್ಯಾತವಾಗಿರುವ ಬಳಗಕ್ಕೆ ಸೇರಿದ್ದು. ಎಲೆಗೆ ಹಸಿರನ್ನು ಕೊಡುವ ಸೂಕ್ಷ್ಮ ಕಣಗಳ ಪೊರೆಯಲ್ಲೇ ಅದು ನೆಲೆಸಿದೆ. ಜೋಳದ ಕಾಳಿನಲ್ಲಾದರೋ ಪ್ರಧಾನವಾಗಿರುವುದು ಒಮೆಗಾ-6ರ ಬಳಗದ ಲಿನೋಲೆಯಿಕ್ ಆಮ್ಲ. ಕುರಿ ಮೇದ ಹುಲ್ಲು ಮೊದಲನೆಯ ಹೊಟ್ಟೆಯನ್ನು ಸೇರಿದಾಗ ಅಲ್ಲಿಯ ಅಸಂಖ್ಯಾತ ಸೂಕ್ಷ್ಮಜೀವಿಗಳು ಈ ಆಮ್ಲದ ಬಹುಪಾಲನ್ನು ಮಾರ್ಪಡಿಸಿಬಿಡುತ್ತವೆ. ಹತ್ತರಲ್ಲಿ ಒಂದು ಪಾಲು ತಪ್ಪಿಸಿಕೊಂಡು ಮಾಂಸವನ್ನು ಸೇರಿದರೆ ಹೆಚ್ಚು. ಆ ಒಂದು ಪಾಲೇ ವ್ಯತ್ಯಾಸಕ್ಕೆ ಕಾರಣ. ಹುಲ್ಲಿನಲ್ಲೇ ಬೆಳೆದ ಕುರಿಯ ಮಾಂಸದಲ್ಲಿ ಒಮೆಗಾ-6 ಒಮೆಗಾ-3ರ ಒಂದೆರಡು ಪಟ್ಟು ಮಾತ್ರ ಇದ್ದರೆ, ಕಾಳು ತಿಂದು ಕೊಬ್ಬಿದ ಕುರಿಯಲ್ಲಿ ಅದು ಐದಾರು ಪಟ್ಟಿಗೂ ಮೀರುವುದುಂಟು. ಸೂಕ್ಷ್ಮಜೀವಿಗಳ ಈ ಮಾರ್ಪಾಟಿನ ನಡುವೆ ಹುಟ್ಟುವ ಇನ್ನೊಂದು ಆಮ್ಲವಿದೆ, ಸಿ.ಎಲ್.ಎ. ಎಂದು ಅದರ ಹ್ರಸ್ವನಾಮ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಮೈಕೇಲ್ ಪರೀಜಾ ಮತ್ತು ಸಂಗಡಿಗರು 1980ರ ದಶಕದಲ್ಲಿ ಇದನ್ನು ಬೆಳಕಿಗೆ ತಂದರು. ಇದೂ ಸಾಮಾನ್ಯವಾಗಿ ಹುಲ್ಲು ಮೇದ ಪ್ರಾಣಿಯಲ್ಲಿ ಹೆಚ್ಚು. ಇ ಜೀವಸತ್ವವೂ ಹಾಗೆಯೇ. ಮೇದು ಬೆಳೆದ ಮರಿಗೆ ಕೊನೆಯ ಕೆಲವು ವಾರ ಮಾತ್ರ ಕಾಳು ತಿನ್ನಿಸಿದರೂ ಈ ಗಳಿಕೆ ಕರಗತೊಡಗುತ್ತದೆ. ಆದ್ದರಿಂದಲೇ ತಿಳಿದವರು, ಹುಲ್ಲಿನಲ್ಲಿ ಹುಟ್ಟಿದರೆ ಸಾಲದು, ಹುಲ್ಲಿನಲ್ಲೇ ಮುಗಿಯಬೇಕು ಎನ್ನುವುದು.

ಆದರೆ ತಕ್ಕಡಿಯನ್ನು ನೆಟ್ಟಗೆ ಹಿಡಿಯೋಣ. ಒಮೆಗಾ-3 ಒಂದೇ ಬೇಕೆನ್ನುವವರಿಗೆ ಮಂಗಳೂರು ಕಡೆಯ ಬಂಗಡೆ, ಬೂತಾಯಿ ಮೀನುಗಳು ಯಾವ ಕುರಿಗಿಂತಲೂ ಎಷ್ಟೋ ಮೇಲು. ಮಾಂಸ ಮುಟ್ಟದವರಿಗೆ ಅಗಸೆ ಬೀಜ ಇದ್ದೇ ಇದೆ. ಕೆಂಪು ಮಾಂಸವನ್ನು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ಮಂಡಲಿಯು 2015ರಲ್ಲಿ “ಬಹುಶಃ ಅರ್ಬುದಕಾರಕ” ಎಂಬ ವರ್ಗಕ್ಕೆ ಸೇರಿಸಿತು. ಹುಲ್ಲು ಮೇದ ಕುರಿ ಎಂಬ ಕಾರಣಕ್ಕೆ ಹೊಟ್ಟೆ ಬಿರಿಯೆ ತಿನ್ನಲು ಪರವಾನಗಿ ದೊರೆತಂತಾಗಲಿಲ್ಲ.

ಹಾಗಾದರೆ ನಮ್ಮ ಸೀಮೆಗೆ ಈ ಮಾಂಸದ ನಿಜವಾದ ಉಪಕಾರ ಯಾವುದು? ಅದು ರಾಗಿಮುದ್ದೆಯ ಮಗ್ಗುಲಲ್ಲಿ ಕಾಣುತ್ತದೆ. ಕನಕದಾಸರು ‘ರಾಮಧಾನ್ಯಚರಿತೆ’ಯಲ್ಲಿ ಭತ್ತಕ್ಕೂ ರಾಗಿಗೂ ಜಗಳ ಹೂಡಿ ರಾಗಿಯನ್ನೇ ಗೆಲ್ಲಿಸಿದರು. ರಾಗಿಯಲ್ಲಿ ಸುಣ್ಣವುಂಟು, ಕಬ್ಬಿಣವೂ ಉಂಟು. ಆದರೆ ಅದರಲ್ಲಿರುವ ಫೈಟೇಟ್ ಮತ್ತು ಒಗರಿನ ಅಂಶಗಳು ಆ ಕಬ್ಬಿಣವನ್ನು ಮೈಗೂಡಗೊಡದೆ ತಡೆಹಿಡಿಯುತ್ತವೆ. ಅದೇ ಊಟದಲ್ಲಿ ಸ್ವಲ್ಪ ಮಾಂಸ ಸೇರಿದರೆ ಆ ಬಿಗಿ ಸಡಿಲುತ್ತದೆ. ಮಾಂಸದ ಕಬ್ಬಿಣ ತಾನೂ ಸುಲಭವಾಗಿ ಜೀರ್ಣವಾಗುವುದಲ್ಲದೆ, ಕಾಳು ಸೊಪ್ಪುಗಳ ಕಬ್ಬಿಣವನ್ನೂ ಕೈಹಿಡಿದು ನಡೆಸುತ್ತದೆ. ಕರ್ಣಾಟಕದ ಮಹಿಳೆಯರಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಮಂದಿ ರಕ್ತಹೀನತೆಯಿಂದ ನರಳುತ್ತಿರುವರೆಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತಿಳಿಸಿದೆ. ಅಂಥ ನಾಡಿನಲ್ಲಿ ವಾರಕ್ಕೊಮ್ಮೆ ಮುದ್ದೆಯೊಡನೆ ಬೀಳುವ ನಾಲ್ಕು ತುಂಡು ಸಣ್ಣ ವಿಷಯವಲ್ಲ. ದುಃಖದ ಸಂಗತಿಯೆಂದರೆ, ಎಷ್ಟೋ ಮನೆಗಳಲ್ಲಿ ಆ ತುಂಡುಗಳು ಗಂಡಸರ ತಟ್ಟೆಯಲ್ಲೇ ಮುಗಿದು, ಅಡುಗೆ ಮಾಡಿದವಳಿಗೆ ತಿಳಿಸಾರು ಮಾತ್ರ ಉಳಿಯುತ್ತದೆ.

ಬಿ-12 ಜೀವಸತ್ವದ ಕಥೆ ಇನ್ನೂ ಸ್ವಾರಸ್ಯವಾದುದು. ಆಸ್ಟ್ರೇಲಿಯದ ಕೆಲವು ಪ್ರದೇಶಗಳಲ್ಲಿ ಮೇವು ಸಮೃದ್ಧವಾಗಿದ್ದರೂ ಕುರಿಗಳು ಕೃಶವಾಗಿ ಸಾಯುತ್ತಿದ್ದವು. ಅಲ್ಲಿಯ ಮಣ್ಣಿನಲ್ಲಿ ಕೋಬಾಲ್ಟ್ ಎಂಬ ಲೋಹದ ಲವಲೇಶ ಕಡಮೆಯಾದುದೇ ಇದಕ್ಕೆ ಕಾರಣವೆಂದು 1935ರಲ್ಲಿ ಗೊತ್ತಾಯಿತು. 1948ರಲ್ಲಿ ಬಿ-12 ಪ್ರತ್ಯೇಕವಾಗಿ ದೊರೆತಾಗ ಅದರ ಎದೆಯಲ್ಲಿ ಕೋಬಾಲ್ಟ್ ಇರುವುದು ಕಂಡುಬಂದಿತು. ಮಣ್ಣಿನಿಂದ ಹುಲ್ಲಿಗೆ, ಹುಲ್ಲಿನಿಂದ ಕುರಿಯ ಹೊಟ್ಟೆಯ ಸೂಕ್ಷ್ಮಜೀವಿಗೆ, ಅಲ್ಲಿಂದ ಮಾಂಸಕ್ಕೆ, ಮಾಂಸದಿಂದ ಮನುಷ್ಯನ ರಕ್ತಕ್ಕೆ ಹರಿಯುವ ಒಂದೇ ಕಾಲುವೆ ಇದು. ನೂರು ಗ್ರಾಂ ಕುರಿಮಾಂಸದಲ್ಲಿ ಸುಮಾರು 20 ಗ್ರಾಂ ಸಸಾರಜನಕವೂ, ವಯಸ್ಕನೊಬ್ಬನಿಗೆ ದಿನಕ್ಕೆ ಬೇಕಾಗುವಷ್ಟು ಬಿ-12 ಸತ್ವವೂ ಹೆಚ್ಚುಕಡಮೆ ದೊರೆಯುತ್ತವೆ. ನಾವು ಕೊಳ್ಳುವುದು ಕುರಿಯನ್ನಲ್ಲ, ಅದು ಮೇದ ನೆಲವನ್ನು.

ಇಷ್ಟನ್ನು ಓದಿಕೊಂಡು ನಾನು ನಮ್ಮೂರಿನ ಒಬ್ಬ ಮುದುಕ ಕುರುಬನ ಬಳಿಗೆ ಹೋದೆ. ಆತ ಓದಿದವನಲ್ಲ, ಆಯುಷ್ಯವನ್ನೆಲ್ಲ ಮಂದೆಯ ಹಿಂದೆ ಕಳೆದವನು. ನನ್ನ ವ್ಯಾಖ್ಯಾನವನ್ನು ತಾಳ್ಮೆಯಿಂದ ಕೇಳಿ ಹೇಳಿದ: “ಹಾಗಾದರೆ ನೀವು ಹೊಸತೊಡಕಿನ ಕುರಿಯನ್ನು ಹೊಗಳಬಾರದು ಮೇಷ್ಟ್ರೇ. ಆಗ ಹುಲ್ಲೆಲ್ಲಿದೆ? ಮಾರ್ನಮಿ ಹೊತ್ತಿನ ಕುರಿ ನೋಡಿ.” ನಾನು ಬೆರಗಾದೆ. ಚೈತ್ರದಲ್ಲಿ ನಮ್ಮ ಬೀಳುಗಳು ಬಣಗುಟ್ಟಿ, ಒಣಗಿದ ಕಡ್ಡಿಯಲ್ಲಿ ಹಸಿರಿನ ಸತ್ವಗಳು ಬಹುಮಟ್ಟಿಗೆ ನಾಶವಾಗಿರುತ್ತವೆ. ಕುರುಬರು ಆಗ ಜಾಲಿಯ ಕಾಯನ್ನು ಉದುರಿಸಿ, ಆಲ ಅತ್ತಿ ಗೋಣಿಮರಗಳ ಸೊಪ್ಪನ್ನು ಸವರಿ ಮಂದೆಯನ್ನು ಬದುಕಿಸುತ್ತಾರೆ. ಮುಂಗಾರು ಮುಗಿದು, ಮಹಾಲಯ ಅಮಾವಾಸ್ಯೆಯಲ್ಲಿ ಪಿತೃಗಳಿಗೆ ಎಡೆಯಿಡುವ ಕಾಲಕ್ಕೆ ಕುರಿ ಮೂರು ನಾಲ್ಕು ತಿಂಗಳ ಹಸಿರನ್ನು ಮೈಗೂಡಿಸಿಕೊಂಡಿರುತ್ತದೆ. ಪ್ರಯೋಗಶಾಲೆ ಹೇಳುವುದನ್ನೇ ಆತ ಒಂದು ಮಾತಿನಲ್ಲಿ ಹೇಳಿದ್ದ.

‘ಸಾವಯವ’ ಎಂಬ ಮಾತಿಗೆ ಆತ ನಗಲಿಲ್ಲ, ನಿಟ್ಟುಸಿರಿಟ್ಟ. ನಮ್ಮ ನಾಲ್ಕು ತಾಲ್ಲೂಕುಗಳು ಹೊಗೆಸೊಪ್ಪಿನ ಸೀಮೆ. ಹೆಗ್ಗಡದೇವನಕೋಟೆಯಲ್ಲಿ ಹತ್ತಿಯೂ ಉಂಟು. ಆಡು ಮುಟ್ಟದ ಸೊಪ್ಪಿಲ್ಲವೆಂಬ ಗಾದೆಯಿದ್ದರೂ ಹೊಗೆಸೊಪ್ಪಿನ ಹೊಲದಲ್ಲಿ ಮಂದೆಗೆ ಮೇವಿಲ್ಲ. ಔಷಧ ಸಿಂಪಡಿಸಿದ ಹೊಲದ ಬದುವಿನಲ್ಲಿ ಮೇದ ಕುರಿ ಬಯಲಿನಲ್ಲಿ ಬೆಳೆದ ಮಾತ್ರಕ್ಕೆ ಸಾವಯವವಾಗುವುದಿಲ್ಲ. ಹುಲ್ಲು ಬೇರೆ, ಶುದ್ಧವಾದ ಹುಲ್ಲು ಬೇರೆ. ಎರಡಕ್ಕೂ ಬೇಕಾದುದು ಊರೊಟ್ಟಿನ ನೆಲ.

ಆ ನೆಲ ನಮಗೆ ಹೊಸದಲ್ಲ. ಹುಣಸೂರು ಒಂದು ಕಾಲಕ್ಕೆ ಅಮೃತಮಹಲಿನ ಮುಖ್ಯ ಠಾಣೆಗಳಲ್ಲಿ ಒಂದು. ಮದರಾಸು ಸೈನ್ಯದ ಸರಬರಾಜು ಇಲಾಖೆ ಅಲ್ಲಿ ಚರ್ಮ ಹದಮಾಡುವ ಕಾರ್ಖಾನೆಯನ್ನೂ ಕಂಬಳಿಯ ಕಾರ್ಖಾನೆಯನ್ನೂ ನಡೆಸುತ್ತಿತ್ತು. 1864ರಲ್ಲಿ ಅವು ನಿಂತರೂ ಕಸುಬು ಉಳಿದಿತ್ತು. ಚರ್ಮ, ಉಣ್ಣೆ, ಮಾಂಸಗಳಿಗೆಲ್ಲ ಬಂಡವಾಳ ಹುಲ್ಲೇ. ಮುಂದೆ ಬಂದ 1966ರ ಭೂಕಂದಾಯ ನಿಯಮಗಳೂ ಪ್ರತಿ ನೂರು ದನಗಳಿಗೆ 12 ಹೆಕ್ಟೇರಿನಂತೆ ಗೋಮಾಳ ಬಿಡಬೇಕೆಂದು ವಿಧಿಸಿದವು.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆಯಿದೆ. ಬಹಳ ವರ್ಷಗಳ ಹಿಂದೆ ನಮ್ಮೂರ ಶಾಲೆಗೆ ಆಟದ ಬಯಲು ಬೇಕೆಂದು ಗೋಮಾಳದ ಒಂದು ಭಾಗವನ್ನು ಕೇಳಿ ಅರ್ಜಿ ಬರೆದವನು ನಾನೇ. ದೊರೆತಾಗ ಮಕ್ಕಳಿಗೆ ಸಿಹಿ ಹಂಚಿದೆ. ನನ್ನ ಬಳಿಕ ಬೇರೆಯವರು, ಬೇರೆ ಒಳ್ಳೆಯ ಕಾರಣಗಳಿಗಾಗಿ, ಉಳಿದುದನ್ನು ತುಂಡುತುಂಡಾಗಿ ಕೇಳಿ ಪಡೆದರು. ಪ್ರತಿಯೊಂದು ಕಾರಣವೂ ನ್ಯಾಯವಾದುದೇ. ಕುರುಬನನ್ನು ಮಾತ್ರ ಯಾರೂ ಕೇಳಲಿಲ್ಲ. ಎಂಬತ್ತು ಕುರಿಗಳಿದ್ದ ಆತನ ಮಂದೆಯಲ್ಲಿ ಈಗ ಇರುವುದು ಇಪ್ಪತ್ತೆರಡು. “ನೀವು ಮಕ್ಕಳಿಗೆ ಕೇಳಿದಿರಿ, ತಪ್ಪೇನು?” ಎಂದು ಆತನೇ ನನ್ನನ್ನು ಸಮಾಧಾನಪಡಿಸಿದ.

ಬೆಂಗಳೂರಿನ ಚೀಟಿಯನ್ನು ನಾನಿನ್ನು ಹಾಸ್ಯಮಾಡಲಾರೆ. ಹುಲ್ಲಿಗೆ ಬೆಲೆಯುಂಟೆಂದು ಕೊಳ್ಳುವವನು ಒಪ್ಪಿದರೆ ಒಳ್ಳೆಯದೇ. ಆದರೆ ಆ ಹೆಚ್ಚಿನ ಬೆಲೆಯಲ್ಲಿ ಒಂದಂಶವಾದರೂ ಮಂದೆಯ ಹಿಂದೆ ನಡೆಯುವವನಿಗೆ ಸೇರಬೇಕು. ಅವನಿಗೆ ನಡೆಯಲು ನೆಲವೂ ಉಳಿದಿರಬೇಕು. ಕಳೆದ ತಿಂಗಳು ಊರಿನ ಕೆಲವು ಯುವಕರು ಒಂದು ಕಾಗದ ಹಿಡಿದು ಬಂದರು. ಉಳಿದಿರುವ ಗೋಮಾಳವನ್ನು ಭವನವೊಂದಕ್ಕೆ ಕೊಡಿಸುವ ಅರ್ಜಿ. ಹಿರಿಯನೆಂದು ನನ್ನ ರುಜು ಮೊದಲು ಬೇಕಂತೆ. ಮೊದಲು ಊರಿನ ದನಕುರಿಗಳನ್ನು ಎಣಿಸಿ, ನೆಲವನ್ನು ಅಳೆಸಿ ಬನ್ನಿ ಎಂದು ಹೇಳಿ ಕಳುಹಿಸಿದೆ. ಕಾಗದ ಇನ್ನೂ ನನ್ನ ಮೇಜಿನ ಮೇಲೆಯೇ ಇದೆ.