ಗಂಟುಬೇನೆಯ ನೆನಪು ಮತ್ತು ರೋಗಾಣುವಿನ ವಂಶಾವಳಿ

ಒಂದೇ ಜನಪದ ಕಥೆಯ ಹತ್ತಾರು ಪಾಠಗಳನ್ನು ಎದುರಿಗಿಟ್ಟುಕೊಂಡು ಅವುಗಳ ಮೂಲವನ್ನೂ ಸಂಚಾರ ಮಾರ್ಗವನ್ನೂ ಶೋಧಿಸುವ ಫಿನ್ನಿಶ್ ಪಂಥದ ಐತಿಹಾಸಿಕ-ಭೌಗೋಳಿಕ ವಿಧಾನ ನಮ್ಮ ಜಾನಪದ ಅಧ್ಯಯನಕ್ಕೆ ಹೊಸದಲ್ಲ. 1910ರಲ್ಲಿ ಆಂಟಿ ಆರ್ನೆ ಪ್ರಕಟಿಸಿದ ಕಥಾವರ್ಗಗಳ ಸೂಚಿ ಈ ಚಿಂತನೆಯ ಫಲವೇ ಆಗಿದೆ. ಆಸಕ್ತಿಯ ಸಂಗತಿಯೆಂದರೆ, ರೋಗಿಯ ದೇಹದಿಂದ ತೆಗೆದ ಸೂಕ್ಷ್ಮಾಣುವಿನ ವಂಶವನ್ನು ಗುರುತಿಸುವ ವಿಜ್ಞಾನಿಯೂ ಬಹುಮಟ್ಟಿಗೆ ಇದೇ ತರ್ಕವನ್ನು ಅನುಸರಿಸುತ್ತಾನೆ. ಪ್ರಸ್ತುತ ಲೇಖನದಲ್ಲಿ ಪ್ಲೇಗನ್ನು ನಿದರ್ಶನವಾಗಿಟ್ಟುಕೊಂಡು ಈ ಸಾಮ್ಯವನ್ನೂ ಅದರ ಮಿತಿಯನ್ನೂ ವಿವರಿಸಲು ಯತ್ನಿಸಲಾಗಿದೆ.

1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಅಲೆಕ್ಸಾಂಡರ್ ಯೆರ್ಸಿನ್ ಪ್ಲೇಗಿನ ರೋಗಾಣುವನ್ನು ಗುರುತಿಸಿದನು. 1896ರಲ್ಲಿ ರೋಗವು ಮುಂಬಯಿಗೆ ಬಂದಿತು. ಆಗ ವಿಜಾಪುರ ಜಿಲ್ಲೆಗೆ ಸೇರಿದ್ದ ಬಾಗಲಕೋಟೆ, ಬಾದಾಮಿ, ಹುನಗುಂದ ಸೀಮೆಯು ಮುಂಬಯಿ ಪ್ರಾಂತದಲ್ಲಿಯೇ ಇತ್ತು. ಹೋಟಗಿಯಿಂದ ಗದಗಕ್ಕೆ ಹೋಗುವ ರೈಲು ಬಾಗಲಕೋಟೆಯ ಮೇಲೆಯೇ ಹಾದುಹೋಗುತ್ತಿತ್ತು. 1898ರಲ್ಲಿ ಹುಬ್ಬಳ್ಳಿ-ಧಾರವಾಡಗಳು ತತ್ತರಿಸಿದವು. ಅದೇ ವರ್ಷ ಬೆಂಗಳೂರಿಗೂ ಬೇನೆ ಮುಟ್ಟಿತು. ಮುಂದಿನ ದಶಕಗಳಲ್ಲಿ ಭಾರತದಲ್ಲಿ ಸತ್ತವರು ಒಂದು ಕೋಟಿಗೂ ಹೆಚ್ಚು.

ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಕ್ಷೇತ್ರಕಾರ್ಯದಲ್ಲಿದ್ದಾಗ, ಮುಳುಗಡೆಯಾದ ಹಳ್ಳಿಯಿಂದ ನವನಗರಕ್ಕೆ ಬಂದು ನೆಲೆಸಿದ್ದ ವೃದ್ಧೆಯೊಬ್ಬರು ತಮ್ಮ ಅತ್ತೆಯಿಂದ ಕೇಳಿದ್ದ ಗಂಟುಬೇನೆಯ ಸಂಗತಿಯನ್ನು ಹೇಳಿದ್ದರು. “ಇಲಿ ಬಿದ್ದೂ ಅಂದ್ರ ಊರು ಬಿಡಬೇಕಪಾ ತಮ್ಮಾ. ಗುಡ್ಯಾಗ ಕೇಳ್ಕೊಂತ ಕುಂದ್ರಬಾರ್ದು” ಎಂಬುದು ಅವರ ಮಾತು. ಊರವರೆಲ್ಲ ಹೊಲದಲ್ಲಿ ಜೋಪಡಿ ಹಾಕಿಕೊಂಡು ತಿಂಗಳುಗಟ್ಟಲೆ ಇದ್ದರಂತೆ. ಜನಪದರು ರೋಗವನ್ನು ದೇವಿಯ ಮುನಿಸೆಂದು ಮಾತ್ರ ಬಗೆದರು ಎಂದು ಬರೆಯುವವರು ಈ ಮಾತನ್ನು ಗಮನಿಸಬೇಕು. ಇಲಿ ಸತ್ತೊಡನೆ ಊರು ತೊರೆಯುವ ಪದ್ಧತಿ ಗಢವಾಲ-ಕುಮಾವೂ ಬೆಟ್ಟಗಳಲ್ಲಿ 19ನೆಯ ಶತಮಾನದಲ್ಲೇ ದಾಖಲಾಗಿದೆ. ಇಲಿಯ ಚಿಗಟದಿಂದ ರೋಗ ಹರಡುತ್ತದೆಂದು ಪಾಲ್ ಲೂಯಿ ಸಿಮೊಂಡ್ ಕರಾಚಿಯಲ್ಲಿ ತೋರಿಸಿದ್ದು 1898ರಲ್ಲಿ. ಆ ಕಾಲದ ಪ್ಲೇಗ್ ಆಯೋಗ ಅದನ್ನು ಒಪ್ಪಲಿಲ್ಲ. 1905ರಿಂದ ನಡೆದ ಎರಡನೆಯ ಸುತ್ತಿನ ಸಂಶೋಧನೆಯೇ ಅದಕ್ಕೆ ಮನ್ನಣೆ ತಂದಿತು. ಕಾರಣದ ವಿವರಣೆ ಏನೇ ಇರಲಿ, ಲಕ್ಷಣವನ್ನು ಓದುವುದರಲ್ಲಿ ಹಳ್ಳಿಗರು ಹಿಂದೆ ಬಿದ್ದಿರಲಿಲ್ಲ.

ರೋಗಾಣುವಿನ ವಂಶಪರೀಕ್ಷೆ ನಮ್ಮ ದೇಶದಲ್ಲಿ ಬಿರುಸಿನ ಚರ್ಚೆಗೆ ಬಂದದ್ದು 1994ರಲ್ಲಿ. ಕೋಲಾರ ಜಿಲ್ಲೆಯ ಮುಳಬಾಗಿಲು ಭಾಗದಲ್ಲಿ 1966ರಲ್ಲಿ ಕಂಡ ಪ್ಲೇಗಿನ ಬಳಿಕ ಸುಮಾರು ಮೂರು ದಶಕ ಭಾರತದಲ್ಲಿ ಮನುಷ್ಯರಿಗೆ ಈ ರೋಗ ತಗುಲಿದ್ದು ಖಚಿತವಾಗಿರಲಿಲ್ಲ. 1994ರಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಗಂಟಿನ ಪ್ಲೇಗೂ ಸೂರತ್ತಿನಲ್ಲಿ ಶ್ವಾಸಕೋಶದ ಪ್ಲೇಗೂ ಕಾಣಿಸಿಕೊಂಡವು. ಸೂರತ್ತಿನಿಂದ ಲಕ್ಷಾಂತರ ಜನ ಓಡಿದರು. ಇದು ಪ್ಲೇಗೇ ಅಲ್ಲವೆಂದು ವಾದಿಸಿದ ವೈದ್ಯರಿದ್ದರು. ಹೊರದೇಶದವರು ಬಿಟ್ಟ ರೋಗವೆಂಬ ವದಂತಿಯೂ ಹಬ್ಬಿತು. ಹೈದರಾಬಾದಿನ ಕೋಶೀಯ ಮತ್ತು ಆಣವಿಕ ಜೀವವಿಜ್ಞಾನ ಕೇಂದ್ರದ ವಿಜ್ಞಾನಿಗಳು ರೋಗಾಣುವಿನ ಡಿಎನ್‌ಎಯನ್ನು ಪರೀಕ್ಷಿಸಿ, ಇದು ‘ಯೆರ್ಸಿನಿಯಾ ಪೆಸ್ಟಿಸ್’ ಎಂಬ ಪ್ಲೇಗಿನ ರೋಗಾಣುವೇ ಎಂದು 2000ದಲ್ಲಿ ಪ್ರಕಟಿಸಿದರು.

ಇದರ ಕ್ರಮ ಹೀಗಿದೆ. ರೋಗಿಯ ಗಂಟಿನ ದ್ರವದಿಂದಲೋ ಕಫದಿಂದಲೋ ರೋಗಾಣುವನ್ನು ಬೆಳೆಸಿ ಅದರ ಡಿಎನ್‌ಎಯನ್ನು ಬೇರ್ಪಡಿಸುತ್ತಾರೆ. ಹಳೆಯ ವಿಧಾನವೊಂದರಲ್ಲಿ ಕಿಣ್ವಗಳಿಂದ ಅದನ್ನು ತುಂಡರಿಸಿ, ವಿದ್ಯುತ್ ಹರಿಸಿದ ಲೋಳೆಯ ಪದರದಲ್ಲಿ ತುಂಡುಗಳು ಸಾಗಿದ ದೂರವನ್ನು ಪಟ್ಟೆಗಳಾಗಿ ಓದುತ್ತಿದ್ದರು. ಈಗ ಇಡೀ ಜೀನೋಮನ್ನೇ ಅಕ್ಷರಶಃ ಓದುವುದು ಸಾಧ್ಯ. ಪ್ಲೇಗಿನ ರೋಗಾಣುವಿನ ಸುಮಾರು 46 ಲಕ್ಷ ಅಕ್ಷರಗಳ ಜೀನೋಮನ್ನು 2001ರಲ್ಲಿ ಓದಿ ಮುಗಿಸಿದರು. ಪ್ರತಿ ತಲೆಮಾರು ಪ್ರತಿ ಮಾಡಿಕೊಳ್ಳುವಾಗ ಅಪರೂಪಕ್ಕೆ ಒಂದು ಅಕ್ಷರ ತಪ್ಪುತ್ತದೆ. ಹಸ್ತಪ್ರತಿಶಾಸ್ತ್ರ ಬಲ್ಲವರಿಗೆ ಮುಂದಿನದು ತಿಳಿದೇ ಇದೆ: ಸರಿಯಾದ ಪಾಠ ಎಲ್ಲ ಪ್ರತಿಗಳಲ್ಲಿಯೂ ಇರಬಹುದು, ಅದರಿಂದ ಏನೂ ತಿಳಿಯದು, ಎರಡು ಪ್ರತಿಗಳಲ್ಲಿ ಒಂದೇ ತಪ್ಪು ಇದ್ದರೆ ಅವೆರಡಕ್ಕೂ ಒಂದೇ ಮಾತೃಕೆ ಇದ್ದಿರುವುದು ಸಂಭವನೀಯ.

ಆದರೆ ಕಥೆ ಹೀಗೆ ಒಂದೇ ಕವಲಿನಲ್ಲಿ ಇಳಿದುಬರುವುದಿಲ್ಲ. ಬಾದಾಮಿಯ ಜಾತ್ರೆಯಲ್ಲಿ ಕೇಳಿದ ಕಥೆಗೆ ಇಳಕಲ್ಲಿನ ನೇಕಾರರ ಮನೆಯ ಕಥೆಯ ತುಣುಕು ಬಂದು ಸೇರುತ್ತದೆ. ಫಿನ್ನಿಶ್ ವಿಧಾನ ಸೋತದ್ದು ಇಲ್ಲಿಯೇ. ನ್ಯುಮೋನಿಯಾ ತರುವ ಕೆಲವು ಸೂಕ್ಷ್ಮಾಣುಗಳೂ ತಮ್ಮತಮ್ಮೊಳಗೆ ಜೀನುಗಳನ್ನು ಅದಲುಬದಲು ಮಾಡಿಕೊಳ್ಳುವುದರಿಂದ ಅವುಗಳ ವಂಶಾವಳಿ ಬಿಡಿಸುವುದು ಕಷ್ಟ. ಪ್ಲೇಗಿನದು ಬಹುಮಟ್ಟಿಗೆ ಏಕವಂಶ. ಆದುದರಿಂದಲೇ ಚೀನಾ ಮೂಲದಿಂದ ಹಡಗುಗಳಲ್ಲಿ ಜಗತ್ತಿಗೆ ಹಬ್ಬಿದ ಕವಲನ್ನು ಗುರುತಿಸಲು ಸಾಧ್ಯವಾಯಿತು. ಅದೂ ಪೂರ್ತಿ ಮುಚ್ಚಿದ ಮನೆಯಲ್ಲ: 1995ರಲ್ಲಿ ಮಡಗಾಸ್ಕರಿನ ರೋಗಿಯೊಬ್ಬನಲ್ಲಿ ದೊರೆತ ಪ್ಲೇಗಿನ ರೋಗಾಣು, ಹಲವು ಔಷಧಿಗಳಿಗೆ ಬಗ್ಗದ ಗುಣವನ್ನು ಹೊತ್ತ ಪರಕೀಯ ಡಿಎನ್‌ಎ ಉಂಗುರವೊಂದನ್ನು ಪಡೆದುಕೊಂಡಿತ್ತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಪಿಡುಗಿನ ಕಥೆಗಳಲ್ಲಿ ರೋಗ ಯಾವಾಗಲೂ ಹೊರಗಿನಿಂದ ಬರುತ್ತದೆ. ಅಪರಿಚಿತ ಮುದುಕಿಯೊಬ್ಬಳು ಬಂಡಿ ಹತ್ತಿ ಊರ ಸೀಮೆಯಲ್ಲಿ ಇಳಿಯುತ್ತಾಳೆ. ಕಥೆಯಲ್ಲಿ ಆಕೆ ದೇವಿ. ಲೋಕವ್ಯವಹಾರದಲ್ಲಿ ಮಾತ್ರ ಆ ಸ್ಥಾನಕ್ಕೆ ದುಡಿಯಲು ಬಂದ ಪರಊರಿನವರೂ ಕೆಳಜಾತಿಯವರೂ ಬಂದು ನಿಂತದ್ದುಂಟು. ರೋಗಾಣುವಿನ ವಂಶಾವಳಿ ರೋಗಾಣುವಿನದೇ ಹೊರತು ಅದನ್ನು ಹೊತ್ತವರದಲ್ಲ. ಎರಡು ಊರುಗಳ ರೋಗಾಣುಗಳು ಹತ್ತಿರದ ನೆಂಟರೆಂದು ಅದು ಹೇಳೀತು. ಯಾರಿಂದ ಯಾರಿಗೆ ಎಂಬುದಕ್ಕೆ ದಿನಾಂಕ, ದಾರಿ, ಭೇಟಿಗಳ ವಿವರ ಬೇಕು. ಅಂಥ ವಿವರ ಜನರ ಬಾಯಲ್ಲಿರುತ್ತದೆ.

ಕಿರ್ಗಿಸ್ತಾನದ ಇಸಿಕ್ ಕುಲ್ ಸರೋವರದ ಬಳಿಯ ಸ್ಮಶಾನವೊಂದರಲ್ಲಿ 1338-39ರ ಗೋರಿಗಲ್ಲುಗಳ ಸಂಖ್ಯೆ ಅಸಹಜವಾಗಿ ಹೆಚ್ಚಿದೆ. ಕೆಲವು ಕಲ್ಲುಗಳಲ್ಲಿ ಪಿಡುಗಿನಿಂದ ಸತ್ತವರೆಂದು ಸಿರಿಯಾಕ್ ಭಾಷೆಯಲ್ಲಿ ಕೆತ್ತಲಾಗಿದೆ. ಅಲ್ಲಿ ಹೂತವರ ಹಲ್ಲುಗಳಲ್ಲಿ ಪ್ಲೇಗಿನ ಡಿಎನ್‌ಎ ದೊರೆತುದನ್ನು 2022ರಲ್ಲಿ ಪ್ರಕಟಿಸಲಾಯಿತು. ಯುರೋಪಿನ ಮಹಾಮಾರಿಗೆ ಸ್ವಲ್ಪ ಮೊದಲಿನ ಕವಲು ಅದು. ಬರೆಹವೂ ಹಲ್ಲೂ ಒಂದನ್ನೊಂದು ಸಮರ್ಥಿಸಿದ ಅಪರೂಪದ ನಿದರ್ಶನವಿದು.

ನಮ್ಮ ಸೀಮೆಯಲ್ಲಿ ಅಂಥ ಶೋಧ ನಡೆಯಬಹುದೇ? ಲಿಂಗಾಯತರೂ ಇತರ ಅನೇಕ ಸಮುದಾಯಗಳೂ ಹೂಳುವವರಾದ್ದರಿಂದ ಸಾಕ್ಷ್ಯ ನೆಲದಲ್ಲಿ ಉಳಿದಿರಬಹುದು. ಹಿರಿಯರ ಗೋರಿ ತೆರೆಯಲು ಮನೆಯವರ ಒಪ್ಪಿಗೆಯಿಲ್ಲದೆ ಯಾವ ಸಂಶೋಧಕನೂ ಮುಂದಾಗಬಾರದೆಂಬುದು ನನ್ನ ಖಚಿತ ನಿಲುವು. ಆದರೆ ಅನೇಕ ಹಳ್ಳಿಗಳ ರುದ್ರಭೂಮಿಗಳು ಆಲಮಟ್ಟಿಯ ಹಿನ್ನೀರಿಗೆ ಸೇರಿರುವುದರಿಂದ ಅಲ್ಲಿ ಒಪ್ಪಿಗೆ ಕೇಳುವ ಪ್ರಶ್ನೆಯೂ ಉಳಿದಿಲ್ಲ. ಆ ವೃದ್ಧೆಯ ಅತ್ತೆ ಜೋಪಡಿ ಹಾಕಿಕೊಂಡಿದ್ದ ಹೊಲವೂ ಈಗ ನೀರಿನಲ್ಲಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ಅದರ ಒಂದು ಬದು ಕಾಣುತ್ತದೆಂದು ಅವರು ಹೇಳಿದ್ದರು. ಅದನ್ನು ತೋರಿಸಲು ಒಮ್ಮೆ ನನ್ನನ್ನು ಕರೆದುಕೊಂಡೂ ಹೋಗಿದ್ದರು.