ಒಂದು ಕಂಠ, ಒಂದು ತಗ್ಗು ದನಿ: ಬರೆದಿಡದ ಸಂಗೀತವನ್ನು ಆಲಿಸುವ ಬಗೆ

ಶಾಲಾ ಕಲೋತ್ಸವದ ದಿನಗಳು ಸಮೀಪಿಸಿದಂತೆ ಗಡಿನಾಡಿನ ಕನ್ನಡ ಶಾಲೆಗಳ ಜಗಲಿಗಳಲ್ಲಿ ಚೆಂಡೆ ಮದ್ದಳೆಗಳ ಸದ್ದು ಕೇಳತೊಡಗುತ್ತದೆ. ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆಯಾಗಿರುವುದು ನಮ್ಮ ಮಕ್ಕಳ ಪಾಲಿನ ಭಾಗ್ಯ. ಅಂತಹ ಒಂದು ಅಭ್ಯಾಸವನ್ನು ಕಾಣಲು ನಾವು ಹೋಗಿದ್ದಾಗ ಬಾಲಕನೊಬ್ಬ ವಾಲಿಯ ಮಾತುಗಳನ್ನು ನಿರರ್ಗಳವಾಗಿ ಒಪ್ಪಿಸುತ್ತಿದ್ದ. ನಡುವೆ ಒಂದೆಡೆ ಥಟ್ಟನೆ ನಿಂತ. ಮರೆತನೇನೋ ಎಂದುಕೊಂಡೆವು. ಮರೆತಿರಲಿಲ್ಲ. ಅವನು ಕೇಳಿ ಕಲಿತ ಧ್ವನಿಮುದ್ರಣದಲ್ಲಿ ಆ ಮಾತಿಗೆ ಸಭೆ ನಕ್ಕಿತ್ತು. ಆ ನಗು ಮುಗಿಯಲು ಹಿಡಿದಷ್ಟು ಹೊತ್ತು ಅವನೂ ಕಾದಿದ್ದ. ಎದುರಿಗೆ ನಗುವವರು ಯಾರೂ ಇರಲಿಲ್ಲ.

ಮಗುವಿನ ಶ್ರದ್ಧೆಯನ್ನು ನಾವು ಹಳಿಯುವುದಿಲ್ಲ. ಆದರೆ ಆ ಮೌನ ನಮ್ಮನ್ನು ಬಹಳ ಕಾಡಿತು. ಆ ಕ್ಷಣಕ್ಕೆ ಹುಟ್ಟಿ ಆ ಕ್ಷಣಕ್ಕೇ ಮುಗಿಯಬೇಕಾದ ಕಲೆಯನ್ನು ಮುದ್ರಿಸಿಟ್ಟಾಗ ಅದರಿಂದ ಕಲಿಯಬೇಕಾದುದು ಏನನ್ನು? ಈ ಪ್ರಶ್ನೆ ತಾಳಮದ್ದಳೆಗೆ ಮಾತ್ರ ಸೇರಿದುದಲ್ಲ. ಹೊರನಾಡುಗಳಲ್ಲಿ ಒಂದು ಕಂಠ ಮತ್ತು ಒಂದು ಬಾಸ್ ವಾದ್ಯ, ಇವೆರಡನ್ನೇ ನೆಚ್ಚಿಕೊಂಡು ಆಶುವಾಗಿ ನುಡಿಸಿ ಮುದ್ರಿಸಿದ ಆಲ್ಬಮ್‌ಗಳಿವೆ. ಅವುಗಳ ಬಗೆಯನ್ನು ಅರಿತರೆ ನಮ್ಮ ಮನೆಯ ಕಲೆಯೂ ಇನ್ನಷ್ಟು ತಿಳಿಯಾಗುತ್ತದೆ ಎಂಬುದು ನಮ್ಮ ಅನಿಸಿಕೆ.

ಬಾಸ್ ಎಂದರೆ ಪಿಟೀಲಿನ ಕುಟುಂಬದ ಹಿರಿಯಣ್ಣ. ಆಳೆತ್ತರಕ್ಕಿಂತ ದೊಡ್ಡದು, ಸಾಮಾನ್ಯವಾಗಿ ನಾಲ್ಕು ತಂತಿಗಳು. ಜಾಝ್ ಸಂಗೀತದಲ್ಲಿ ಅದನ್ನು ಕಮಾನಿನಿಂದ ಉಜ್ಜುವುದಕ್ಕಿಂತ ಬೆರಳಿನಿಂದ ಮೀಟುವುದೇ ಹೆಚ್ಚು. ಅದರ ಅತಿ ತಗ್ಗಿನ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಮನುಷ್ಯನ ಕಿವಿಗೆ ಕೇಳುವ ದನಿ 20 ಕಂಪನಗಳ ಸುಮಾರಿಗೆ ತೊಡಗುತ್ತದೆ ಎಂಬುದನ್ನು ನೆನೆದರೆ ಇದೆಷ್ಟು ಕೆಳಗಿನ ದನಿ ಎಂಬುದು ತಿಳಿದೀತು. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಈ ದನಿಯ ಬಹುಪಾಲು ಕಳೆದೇಹೋಗುತ್ತದೆ. ಇಬ್ಬರ ಸಂವಾದದಲ್ಲಿ ಒಬ್ಬರ ಮಾತು ಮಾತ್ರ ಕೇಳಿದಂತಾಗುತ್ತದೆ. ಹೆಡ್‌ಫೋನ್ ಹಾಕಿ ಕೇಳುವುದು ಲೇಸು.

ನಮ್ಮ ಸಂಗೀತದಲ್ಲಿ ಕಂಠದ ಕೆಳಗೆ ಶ್ರುತಿ ಇರುತ್ತದೆ. ತಂಬೂರಿಯೋ ಹಾರ್ಮೋನಿಯಮೋ ಒಂದೇ ಆಧಾರವನ್ನು ಕೊನೆಯವರೆಗೂ ಕದಲದಂತೆ ಹಿಡಿದುಕೊಂಡಿರುತ್ತದೆ. ಹಾಡುವವರು ಎಲ್ಲಿಗೆ ಸಂಚರಿಸಿದರೂ ಮರಳಿ ಬರುವ ನೆಲೆ ಅದು. ಬಾಸ್ ಜೊತೆಗಿನ ಹಾಡುಗಾರಿಕೆಯಲ್ಲಿ ಆ ನೆಲವೇ ನಡೆಯುತ್ತದೆ. ಗಾಯಕಿ ಒಂದು ಸ್ವರದಲ್ಲಿ ನಿಂತಿರುವಾಗ ಬಾಸ್ ಕೆಳಗಿನ ಸ್ವರವನ್ನು ಬದಲಿಸಿದರೆ, ಮೇಲಿನ ಅದೇ ಸ್ವರದ ಭಾವ ಬೇರೆಯಾಗುತ್ತದೆ. ಮಧ್ಯದಲ್ಲಿ ಪಿಯಾನೋ ಗಿಟಾರ್‌ಗಳಿದ್ದರೆ ದಾರಿ ತೋರಿಸಿಯಾವು. ಅವೂ ಇಲ್ಲದಿದ್ದರೆ ಗಾಯಕಿ ಇಡೀ ಹಾಡಿನ ನಕ್ಷೆಯನ್ನು ತಲೆಯೊಳಗೇ ಇಟ್ಟುಕೊಂಡು ನಡೆಯಬೇಕು.

ಈ ಸಾಹಸವನ್ನು ಬಾಳಿನುದ್ದಕ್ಕೂ ಮಾಡಿದವರು ಅಮೆರಿಕದ ಗಾಯಕಿ ಶೀಲಾ ಜೋರ್ಡನ್. 1928ರಲ್ಲಿ ಹುಟ್ಟಿ 2025ರಲ್ಲಿ ತೀರಿಕೊಂಡ ಈಕೆ, ನಾರ್ವೆಯ ಬಾಸ್ ವಾದಕ ಆರಿಲ್ಡ್ ಆಂಡರ್ಸನ್ ಅವರೊಂದಿಗೆ 1977ರಲ್ಲಿ ‘ಶೀಲಾ’ ಎಂಬ ಆಲ್ಬಮನ್ನು ಧ್ವನಿಮುದ್ರಿಸಿದರು. ಅದರಲ್ಲಿ ಇರುವವರು ಇಬ್ಬರೇ. ಡ್ರಮ್ಮು ಇಲ್ಲ, ಪಿಯಾನೋ ಇಲ್ಲ. ಜಾಝ್ ಗಾಯಕರಲ್ಲಿ ಹಾಡಿನ ಸಾಹಿತ್ಯ ಮೊದಲೇ ಇರುತ್ತದೆ. ಅದನ್ನು ಎಲ್ಲಿ ಎಳೆಯಬೇಕು, ಎಲ್ಲಿ ಮುರಿಯಬೇಕು, ಎಲ್ಲಿ ಪದಗಳನ್ನೇ ಬಿಟ್ಟು ಬರಿಯ ದನಿಯಾಗಬೇಕು ಎಂಬುದು ಮಾತ್ರ ಆ ಹೊತ್ತಿನ ತೀರ್ಮಾನ. ಮೊದಲ ಬಾರಿ ಕೇಳುವವರಿಗೆ ಏನೋ ಕೊರತೆ ಇದೆ ಎನಿಸುತ್ತದೆ. ನಮಗೂ ಹಾಗೆಯೇ ಎನಿಸಿತ್ತು. ಎರಡು ದನಿಗಳ ನಡುವಿನ ಆ ಬಯಲಿಗಾಗಿಯೇ ಇದನ್ನು ಕೇಳಬೇಕು ಎಂಬುದು ಹೊಳೆದದ್ದು ಆಮೇಲೆ.

ಕನ್ನಡ ನಾಡಿಗೂ ಇಂತಹ ಪ್ರಯೋಗದ ನಂಟಿದೆ. ಟಿ.ಎ.ಎಸ್. ಮಣಿ ಅವರು 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಕಲಾವಿದರು, ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೋ ಅವರೊಡನೆ 1983ರಲ್ಲಿ ‘ಜ್ಯೋತಿ’ ಎಂಬ ಆಲ್ಬಮನ್ನು ಮುದ್ರಿಸಿದರು. ಜರ್ಮನಿಯ ಇಸಿಎಂ ಸಂಸ್ಥೆ ಅದನ್ನು ಹೊರತಂದಿತು. ಹಾಡಿದವರು ಆರ್.ಎ. ರಮಾಮಣಿ. ಅದರ ಮೊದಲ ರಚನೆಯ ಹೆಸರೇ ‘ವಾಯ್ಸ್ ಸೋಲೋ’. ಅಲ್ಲಿ ಬಾಸ್ ವಾದ್ಯವಿಲ್ಲ. ತಗ್ಗು ದನಿಯ ಹೊಣೆಯನ್ನು ಮೃದಂಗದ ಎಡಮುಖ ಹೊತ್ತುಕೊಂಡಿದೆ. ಕರ್ನಾಟಕ ಸಂಗೀತದವರು ಮನೋಧರ್ಮವೆನ್ನುವುದೂ ಜಾಝ್‌ನವರ ಆಶುಗುಣವೂ ಒಂದೇ ಚಾವಡಿಯಲ್ಲಿ ಕುಳಿತು ಮಾತಾಡಬಲ್ಲವು ಎಂಬುದಕ್ಕೆ ಈ ಆಲ್ಬಮ್ ಸಾಕ್ಷಿ.

ಇನ್ನು ನಮ್ಮ ಊರಿಗೆ ಬರೋಣ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿರುವ ರಾಮಾಯಣ ಪ್ರಸಂಗಗಳ ಪದಗಳು ಅಚ್ಚಿನಲ್ಲಿವೆ. ಆದರೆ ಪ್ರಸಂಗ ಪುಸ್ತಕದಲ್ಲಿ ಅರ್ಥ ಇರುವುದಿಲ್ಲ. ಭಾಗವತರು ಪದ ಹೇಳುತ್ತಾರೆ. ಮದ್ದಳೆಯ ಬಲಮುಖ ಶ್ರುತಿಗೆ ಸೇರಿ ಮಾತಾಡಿದರೆ ಎಡಮುಖ ತಗ್ಗಿನಲ್ಲಿ ಅನುಮೋದಿಸುತ್ತದೆ. ಪದ ನಿಂತಲ್ಲಿ ಅರ್ಥಧಾರಿಯ ಮಾತು ತೊಡಗುತ್ತದೆ. ಅದಕ್ಕೆ ಬರೆದ ಪಾಠವಿಲ್ಲ. ಎದುರಿನ ಅರ್ಥಧಾರಿ ಯಾವ ಪ್ರಶ್ನೆ ಹಾಕಿಯಾನು, ಸಭೆ ಯಾವ ಮಾತಿಗೆ ತಲೆದೂಗೀತು, ಯಾವುದೂ ಮೊದಲೇ ಗೊತ್ತಿಲ್ಲ. ಎತ್ತುಗಡೆ ಸಿಕ್ಕೊಡನೆ ಭಾಗವತರು ಮುಂದಿನ ಪದವನ್ನು ಎತ್ತಿಕೊಳ್ಳುತ್ತಾರೆ. ಅದೂ ಕಿವಿಯಿಂದಲೇ ನಡೆಯುವ ಕೆಲಸ. ಶೀಲಾ ಜೋರ್ಡನ್ ಅವರಿಗೆ ಬಾಸ್ ಹೇಗೋ ಅರ್ಥಧಾರಿಗೆ ಎದುರಾಳಿಯ ಮಾತು ಹಾಗೆ: ಕಾಲ ಕೆಳಗಿನ ನೆಲವೇ ಸರಿಯುತ್ತಿರುತ್ತದೆ.

ಈ ಜಿಲ್ಲೆ ಕಂಡ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಈ ವಿದ್ಯೆಯ ಶಿಖರ. ಅವರ ರಾವಣ, ವಾಲಿ ಮೊದಲಾದ ಪಾತ್ರಗಳ ಅರ್ಥ ಕ್ಯಾಸೆಟ್ಟುಗಳ ಮೂಲಕ ಮನೆಮನೆಗೆ ಮುಟ್ಟಿತು. ಉಪಕಾರ ದೊಡ್ಡದೇ. ಆದರೆ ಇಡೀ ರಾತ್ರಿಯ ಪ್ರಸಂಗ 60 ಅಥವಾ 90 ನಿಮಿಷದ ಟೇಪಿಗೆ ಅಳವಡಬೇಕಾಯಿತು. ಮಾತು ಇನ್ನೊಂದು ಬದಿಗೆ ಹೊರಳುವಲ್ಲಿ ತುಂಡಾಯಿತು. ಅದಕ್ಕಿಂತ ದೊಡ್ಡ ಬದಲಾವಣೆ ಕೇಳುಗರಲ್ಲಿ ಆಯಿತು. ಒಂದು ರಾತ್ರಿ ಒಬ್ಬ ಎದುರಾಳಿಗೆ ಕೊಟ್ಟ ಉತ್ತರ, ನೂರು ಸಲ ಕೇಳಿದ ಮೇಲೆ, ಪಾತ್ರದ ಶಾಶ್ವತ ಪಾಠವೆನಿಸಿತು. ಈಗ ಕ್ಯಾಸೆಟ್ಟಿನ ಬದಲು ಮೊಬೈಲ್ ಬಂದಿದೆ. ಕಂಠಪಾಠದ ಕ್ರಮ ಹಾಗೆಯೇ ಇದೆ.

ಕನ್ನಡ ಮಾಧ್ಯಮದ ಮಕ್ಕಳ ಮಟ್ಟಿಗೆ ಇದು ಭಾಷೆಯ ಪ್ರಶ್ನೆಯೂ ಹೌದು. ನಮ್ಮಲ್ಲಿ ಬಹುಪಾಲು ಮನೆಗಳ ಮಾತು ತುಳುವೋ ಹವ್ಯಕ ಕನ್ನಡವೋ ಕೊಂಕಣಿಯೋ ಆಗಿದೆ. ಪೇಟೆಯಲ್ಲಿ, ಕಚೇರಿಯಲ್ಲಿ ಮಲಯಾಳ. ಗ್ರಾಂಥಿಕ ಕನ್ನಡದಲ್ಲಿ ಸಿಟ್ಟುಗೊಳ್ಳಲು, ಅಣಕಿಸಲು, ಸಮರ್ಥಿಸಿಕೊಳ್ಳಲು ಮಗುವಿಗೆ ತಾಳಮದ್ದಳೆಯ ಹೊರತು ಎಲ್ಲಿ ಅವಕಾಶ? ಸ್ಪರ್ಧೆಗೆ ಸಮಯದ ಮಿತಿ ಇದೆ, ತಪ್ಪಿದರೆ ಅಂಕ ಹೋಗುತ್ತದೆ. ಆದ್ದರಿಂದ ಗುರುಗಳು ಬರೆದುಕೊಡುತ್ತಾರೆ. ಅದನ್ನು ತಪ್ಪೆನ್ನಲಾರೆವು. ಆದರೆ ಬರೆದುಕೊಟ್ಟ ಮಾತನ್ನು ಒಪ್ಪಿಸುವ ಮಗು ಕನ್ನಡವನ್ನು ಉಚ್ಚರಿಸುತ್ತದೆ. ಎದುರಿನ ಪ್ರಶ್ನೆಗೆ ಆಗಲೇ ಉತ್ತರ ಹುಡುಕುವ ಮಗು ಕನ್ನಡದಲ್ಲಿ ಆಲೋಚಿಸುತ್ತದೆ.

ಹೆತ್ತವರಲ್ಲಿ ನಮ್ಮ ವಿನಂತಿ ಸಣ್ಣದು. ಧ್ವನಿಮುದ್ರಣವನ್ನು ಮಕ್ಕಳಿಗೆ ಕೇಳಿಸಿ, ಆದರೆ ಎದುರಾಳಿಯ ಪ್ರಶ್ನೆ ಮುಗಿದಲ್ಲಿ ನಿಲ್ಲಿಸಿ. ‘ನೀನಾಗಿದ್ದರೆ ಏನನ್ನುತ್ತಿದ್ದೆ?’ ಎಂದು ಕೇಳಿ. ಎರಡು ವಾಕ್ಯ ಸಾಕು. ಆಮೇಲೆ ಹಿರಿಯರ ಉತ್ತರವನ್ನು ಕೇಳಿಸಿ.

ಅಂದಿನ ಅಭ್ಯಾಸದಲ್ಲಿ ಗುರುಗಳು ಹಾಗೆಯೇ ಮಾಡಿದರು. ರಾಮನ ಪಾತ್ರದ ಹುಡುಗಿಗೆ ಪುಸ್ತಕದಲ್ಲಿಲ್ಲದ ಒಂದು ಪ್ರಶ್ನೆ ಕೇಳಲು ಸೂಚಿಸಿದರು. ಮರೆಯಲ್ಲಿ ನಿಂತು ಬಾಣ ಬಿಟ್ಟವಳೊಂದಿಗೆ ನಾನೇಕೆ ಮಾತಾಡಬೇಕು ಎಂದು ವಾಲಿ ತಡವರಿಸುತ್ತ ಮರುಪ್ರಶ್ನೆ ಹಾಕಿದ. ‘ಬಿಟ್ಟವಳು’ ಎಂಬುದು ಬಾಯಿತಪ್ಪಿ ಬಂದ ಮಾತು. ಇಡೀ ಜಗಲಿ ನಕ್ಕಿತು, ಮದ್ದಳೆಯವನೂ ಕೈ ನಿಲ್ಲಿಸಿ ನಕ್ಕ. ಈ ಬಾರಿ ವಾಲಿ ನಗು ಮುಗಿಯುವುದನ್ನು ನಿಜವಾಗಿಯೇ ಕಾಯಬೇಕಾಯಿತು.